ಬೋರಕ್ಕ ಗಂಟಿನೂರಿನ ಬಾಗಿಲು ಹಾಕಿಸಿದ್ದು

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಮನುಷ್ಯರ ಮೈಯೂ ಆಗಷ್ಟೇ ಆಗಿತ್ತು. ಆ ಮೈಯೊಳಗೂ ಊರುಗಳಿದ್ದವು, ಬೇಲಿಗಳಿದ್ದವು, ಕಾಲುವೆಗಳಿದ್ದವು. ನಂಬದಿದ್ದರೆ ಬಿಡಿ, ಕತೆ ಮಾತ್ರ ಕೇಳಿ.

ಒಬ್ಬ ಹೆಂಗಸಿನ ಮೈಯಲ್ಲಿ ತೊಗಲೇ ಬೇಲಿ. ಬೇಲಿ ಕಾಯುವವಳು ಬೋರಕ್ಕ. ಅವಳಿಗೆ ಕೈ ಎರಡಲ್ಲ, ಹನ್ನೆರಡು. ಕೂತಲ್ಲೇ ಕೂತು ಬೇಲಿಯ ಸಂದುಸಂದಿಗೂ ಕೈ ಚಾಚಿ ತಡವುತ್ತಿದ್ದಳು. ಧೂಳು ಬಂದರೆ, "ಯಾರು ನೀನು? ಯಾವೂರು?" ಬೆವರ ಹನಿ ಬಂದರೂ, "ಯಾರು ನೀನು? ಯಾವೂರು?" ಕೇಳದೆ ಬಿಟ್ಟವಳೇ ಅಲ್ಲ. "ಇವಳಿಗೆ ಕೈಗಿಂತ ಬಾಯಿ ಜಾಸ್ತಿ" ಅಂತ ಮೇಲೆ ಹಾಯುವ ಗಾಳಿ ಗೊಣಗುತ್ತಿತ್ತು.

ಬೇಲಿಯ ಕೆಳಪದರದಲ್ಲಿ ಅವಳ ತಂಗಿ ಸಾವಂತ್ರಿಯ ಕಾವಲು. ಅಲ್ಲಿಂದ ತಿಳಿನೀರಿನ ಕಾಲುವೆ ಹಿಡಿದು ಹೋದರೆ ತೊಡೆಸಂದಿಯಲ್ಲಿ ಗಂಟಿನೂರು, ಕಡಲೆಕಾಳಿನಷ್ಟೇ ಊರು. ಅಲ್ಲಿರುವವರೆಲ್ಲ ಬಂಟರು. ಅವರ ಮುಂದಾಳು ಕೆಂಚ, ಈ ಅಕ್ಕತಂಗಿಯರ ಒಡಹುಟ್ಟಿದವನು. ಬೋರಕ್ಕನೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದಳು.

ಆ ಊರಿಗೊಂದು ಕಟ್ಟಳೆ. ಬೇಲಿಯಲ್ಲಿ ಸಿಕ್ಕಿದ್ದನ್ನು ಮುಕ್ಕಾಗದಂತೆ ಸೆರಗಿನಲ್ಲಿ ಕಟ್ಟಿ ತಂದು ಬಂಟರ ಕೈಗೇ ಕೊಡಬೇಕು. ಅವರು ತಿರುಗಿಸಿ ನೋಡಿ, ಗುರುತು ಹಿಡಿದು, ಆಮೇಲೆ ಹೊರಟು ಬೇಲಿ ದಾಟಿ ಬಂದ ಅಂಥವರನ್ನೆಲ್ಲ ಬಡಿಯುತ್ತಿದ್ದರು. ಮುಕ್ಕಾದುದನ್ನು ತಂದರೆ ಬಂಟರಿಗೆ ಅವಮಾನ.

ಗಂಡು ಹೆಣ್ಣು ಕೂಡಿದಾಗ ಎರಡು ಮೈಗಳ ಬೇಲಿ ಒಂದಕ್ಕೊಂದು ತಾಗುತ್ತದೆ. ಹಾಗೆ ತಾಗಿದ ಒಂದು ದಿನ ಆ ಹೆಂಗಸಿನ ಗಂಡನ ಮೈಯಿಂದ ನುಸುಳರೆಂಬ ಕಳ್ಳರ ಹಿಂಡು ಈಚೆ ದಾಟಿತು. ಗಂಡನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಸಾಸಿವೆಯನ್ನು ಸಾವಿರ ಚೂರು ಮಾಡಿದರೂ ಅವರು ಅದಕ್ಕಿಂತ ಸಣ್ಣವರು.

ಬೋರಕ್ಕ ಒಬ್ಬನನ್ನು ಹಿಡಿದಳು. "ಯಾರು ನೀನು? ಯಾವೂರು?"

"ಊರಿಲ್ಲದವನು ತಾಯಿ. ನಿಮ್ಮ ಬಂಟರನ್ನು ನೋಡೋಣ ಅಂತ ಬಂದೆ. ಸೆರಗಿಗೆ ಕಟ್ಟಿಕೊಳ್ಳಿ. ಮುಕ್ಕು ಮಾತ್ರ ಮಾಡಬೇಡಿ, ನಿಮ್ಮ ಕಟ್ಟಳೆ ಕೆಡುತ್ತೆ."

ಬೋರಕ್ಕನಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಸಿಕ್ಕಿಬಿದ್ದವರು ಬಿಟ್ಟುಬಿಡಿ ಅಂತ ಗೋಗರೆಯುತ್ತಾರೆ. ಇವನು ಕರಕೊಂಡು ಹೋಗಿ ಅನ್ನುತ್ತಾನಲ್ಲ, ಯಾಕೆ? ಇವನೊಳಗೆ ಏನಿದೆ? ಕಟ್ಟಳೆ ಹಾಳಾಗಿ ಹೋಗಲಿ ಅಂತ ಕಡಲೆಕಾಯಿ ಸುಲಿದ ಹಾಗೆ ಸುಲಿದೇಬಿಟ್ಟಳು.

ಒಳಗೆ ಹೊಟ್ಟೆಯಿಲ್ಲ, ಎದೆಯಿಲ್ಲ. ಒಂದು ಎಳೆ ನೂಲು, ಅದರ ಮೇಲೆ ಒಂದೇ ಮಾತು: "ನನ್ನನ್ನು ಮುಟ್ಟಿದ ಬಂಟ ಇನ್ನು ನನ್ನಂಥವರನ್ನೇ ಹಡೆಯಲಿ."

ಬೋರಕ್ಕ ಇನ್ನು ತಡಮಾಡಲಿಲ್ಲ. ನೂಲನ್ನು ಕಚ್ಚಿ ಚೂರುಚೂರು ಮಾಡಿ, ಬರೀ ಸಿಪ್ಪೆಯನ್ನು ಸೆರಗಿಗೆ ಕಟ್ಟಿಕೊಂಡು ಓಡಿದಳು. ದಾರಿಯಲ್ಲಿ ನೋಡುತ್ತಾಳೆ, ಬೇಲಿ ಒಂದು ಕಡೆ ತರಚಿದೆ. ಕೆಳಗೆ ಸಾವಂತ್ರಿ ಇಲ್ಲ.

"ನಮ್ಮ ಸಾವಂತ್ರಿಯನ್ನು ಕಂಡೆಯೇನೆ?" ಅಂತ ಕಾಲುವೆಯನ್ನು ಕೇಳಿದಳು.

"ಆಗಲೇ ಹೋದಳಲ್ಲ, ಸೆರಗಿನಲ್ಲಿ ಏನೋ ಕಟ್ಟಿಕೊಂಡು. ಒಂದು ಚೂರೂ ಮುಕ್ಕಾಗಿಲ್ಲ ಅಂತ ಹಿಗ್ಗುತ್ತಿದ್ದಳು."

"ಬೇಗ ಹರಿಯೇ ನಮ್ಮವ್ವ, ನನ್ನ ತಮ್ಮ ಇದ್ದಾನೆ ಅಲ್ಲಿ."

"ನೆತ್ತರ ಹೊಳೆಯನ್ನು ನೂಕೋಕೆ ಗುಂಡಿಗೆ ಇದೆ. ನನ್ನನ್ನು ನೂಕುವವರು ಯಾರಿದ್ದಾರೆ ಬೋರಕ್ಕ?" ಅಂತ ಕಾಲುವೆ ತನ್ನ ಪಾಡಿಗೆ ಮೆಲ್ಲಗೇ ಹರಿಯಿತು.

ಗಂಟಿನೂರಿಗೆ ಬಂದಾಗ ಕೆಂಚ ಎರಡೂ ಅಂಗೈ ಬಿಚ್ಚಿಕೊಂಡು ನಿಂತಿದ್ದ. "ಸಾವಂತ್ರಕ್ಕ ಈಗ ತಾನೇ ಕೊಟ್ಟಳು. ಕೈಯಲ್ಲೇ ಇತ್ತು, ಎಲ್ಲಿ ಹೋಯಿತು ಅಂತೀನಿ."

"ನಿನ್ನೊಳಗೆ ಹೋಯಿತು ತಮ್ಮಾ" ಅಂದಳು ಬೋರಕ್ಕ. ತಾನು ನೂಲಿನಲ್ಲಿ ಓದಿದ್ದನ್ನು ಹೇಳಿದಳು.

"ನಾನು ಕಟ್ಟಳೆ ಮೀರಲಿಲ್ಲವಲ್ಲ ಅಕ್ಕ" ಅಂತ ಸಾವಂತ್ರಿ ಕುಸಿದು ಕೂತು ಅತ್ತಳು. ಯಾರೂ ಅವಳನ್ನು ಬೈಯಲಿಲ್ಲ.

ಕೆಂಚ ಬಿಚ್ಚಿದ್ದ ಅಂಗೈಗಳನ್ನು ಮಡಚಿಕೊಂಡ. "ಊರಬಾಗಿಲು ಹಾಕಿಸಕ್ಕ. ಒಳಗೆ ಬರೋರು ಬರಲಿ, ಹೊರಗೆ ಯಾರೂ ಹೋಗೋದು ಬೇಡ. ನೀನು ತಂದ ಸಿಪ್ಪೆಯನ್ನು ಎಲ್ಲರಿಗೂ ತೋರಿಸು. ಗುರುತು ಹಿಡಿದವರನ್ನಷ್ಟೇ ಆಮೇಲೆ ಬಿಡು."

"ನೀನೇನು ಮಾಡ್ತೀಯೋ?"

"ಇಲ್ಲೇ ಮೂಲೆಯಲ್ಲಿ ಮಲಗ್ತೀನಿ. ನಾನು ಎದ್ದು ದುಡಿದರೆ ತಾನೇ ಅವನು ನನ್ನ ಕೈಲಿ ಹಡೆಸೋದು? ನನ್ನನ್ನು ಎಬ್ಬಿಸಬೇಡ ಅಕ್ಕ. ಎಷ್ಟು ವರ್ಷ ಆದರೂ ಎಬ್ಬಿಸಬೇಡ."

ಬೋರಕ್ಕ ತನ್ನ ಹನ್ನೆರಡು ಕೈಯಿಂದಲೂ ಹೊರಗೆ ಹೋಗುವ ಬಾಗಿಲು ಒತ್ತಿ ಹಿಡಿದಳು. ನೆತ್ತರ ಹೊಳೆಯಿಂದ ಬಂಟರು ಬಂದರು, ಬಂದರು, ಬರುತ್ತಲೇ ಇದ್ದರು. ಹೊರಗೆ ಹೋದವರಿಲ್ಲ. ಕಡಲೆಕಾಳಿನಷ್ಟಿದ್ದ ಊರು ನೆಲ್ಲಿಕಾಯಿಯಷ್ಟಾಗಿ ಬಿಗಿಯಿತು. ಸಿಪ್ಪೆಯ ಗುರುತು ಸಿಕ್ಕಮೇಲೆ ಬಾಗಿಲು ತೆರೆದು, ಬಂಟರು ಹೊರಗಿದ್ದ ನುಸುಳರನ್ನು ಹುಡುಕಿ ಹುಡುಕಿ, ಕೈಯಲ್ಲಿ ಮುಟ್ಟದೆ ದೂರದಿಂದಲೇ ಬಡಿದರು. ಅಂದಿನಿಂದ ಮೇಲುಬೇಲಿಯವರು ಸಿಕ್ಕಿದ್ದನ್ನು ಸುಲಿದೇ ತರುತ್ತಾರೆ. ಕೆಳಪದರದವರಲ್ಲಿ ಕೆಲವರು ಮಾತ್ರ ಇನ್ನೂ ಹಳೇ ಕಟ್ಟಳೆ ಬಿಟ್ಟಿಲ್ಲ, ಏನು ಹೇಳೋಣ.

ಕೆಂಚ ಮಲಗಿಯೇ ಇದ್ದಾನೆ. ಬೋರಕ್ಕ ಊರಿಗೆ ಬಂದಾಗಲೆಲ್ಲ ಅವನ ಪಕ್ಕ ಕೂತು, ಹೆಸರು ಹಿಡಿದು ಕರೆಯಬೇಕು ಅನಿಸಿದರೂ ಕರೆಯದೆ, ಎದ್ದು ಹೋಗುತ್ತಾಳೆ.

ಇವತ್ತಿಗೂ ನಿಮ್ಮ ಕಾಲಿಗೆ ಮುಳ್ಳು ಹೊಕ್ಕು ಕೀವಾದರೆ ತೊಡೆಸಂದಿಯಲ್ಲಿ ಗಂಟು ಏಳುವುದು ಗಂಟಿನೂರು ಬಾಗಿಲು ಹಾಕಿಕೊಂಡದ್ದರಿಂದ, ಮುಟ್ಟಿದರೆ ಅದು ನೋಯುವುದು ಒಳಗೆ ಒಬ್ಬ ಅಕ್ಕ ತಮ್ಮನನ್ನು ಕರೆಯದೆ ಬಾಯಿ ಬಿಗಿಹಿಡಿದು ಕೂತಿರುವುದರಿಂದ.