ಹಿಮದಲ್ಲಿ ಸಿಕ್ಕ ಇಬ್ಬರು

ಹಿಮಪರ್ವತದ ಬುಡದಲ್ಲಿ, ನದಿಯ ದಡದ ಮೇಲೆ ಅಚ್ಯುತಾನಂದರ ಆಶ್ರಮವಿತ್ತು. ಹಿಂದೆ ಯುದ್ಧಕಾಲದಲ್ಲಿ ಆ ಪರ್ವತದ ಮೇಲೆ ಒಂದು ವಿಮಾನ ಬಿದ್ದಿತ್ತು. ಅದರಲ್ಲಿದ್ದ ಯಾರೂ ಸಿಕ್ಕಿರಲಿಲ್ಲ.

ಅವರಲ್ಲೊಬ್ಬ ಯಶವಂತ. ಅವನ ಅಕ್ಕ ತಾರಾಬಾಯಿ ಧಾರವಾಡದ ಕಡೆಯವರು. ವಯಸ್ಸಾಗಿದ್ದರೂ ಪ್ರತಿ ಬೇಸಿಗೆಯಲ್ಲಿ ಆಶ್ರಮಕ್ಕೆ ಬಂದು, ಹುಡುಕಲು ಹೋದವರ ದಾರಿ ಕಾಯುತ್ತಿದ್ದರು.

ಒಂದು ವರ್ಷ ಶಿಷ್ಯ ಸುಬೋಧನೂ ಹುಡುಕುವವರ ಜೊತೆ ಬೆಟ್ಟ ಹತ್ತಿದ. ಹಿಮ ಕರಗಿದ ಕಡೆ, ವಿಮಾನದ ಮುರಿದ ರೆಕ್ಕೆಯ ಕೆಳಗೆ, ಅವನಿಗೆ ಒಂದು ತೋಳಿನ ಮೂಳೆ ಸಿಕ್ಕಿತು. ಯಾರದೆಂದು ಹೇಳಲು ಯಾವ ಗುರುತೂ ಇರಲಿಲ್ಲ. ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಆಶ್ರಮಕ್ಕೆ ತಂದ.

ತಾರಾಬಾಯಿ ಬಟ್ಟೆಯ ಗಂಟನ್ನು ನೋಡಿ ಕೇಳಿದರು: “ಇಂವಾ ನಮ್ಮ ಯಶವಂತನ ಹೌದೇನಪಾ?”

ಗಂಟಿಗಾಗಿ ಎರಡೂ ಕೈ ಚಾಚಿದರು.

“ಹೌದು ತಾಯೀ,” ಎಂದುಬಿಟ್ಟ ಸುಬೋಧ.

ಅವರು ಮನಸಾರೆ ಅತ್ತರು. ಮೂಳೆಯನ್ನು ನದಿಗೆ ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡರು.

ಆಮೇಲೆ ಹುಡುಕುವವರು ಇನ್ನೊಬ್ಬನ ಅವಶೇಷಗಳನ್ನು ಗಂಟು ಕಟ್ಟಿ ಹೊತ್ತು ತಂದರು. ಎರಡು ತೋಳಿನ ಮೂಳೆಗಳೂ ಇದ್ದವು; ಕೊರಳಿನ ಗುರುತಿನ ಬಿಲ್ಲೆಯ ಮೇಲೆ ಯಶವಂತನ ಹೆಸರು ಕೊರೆದಿತ್ತು.

ಸುಬೋಧ ಗುರುಗಳ ಬಳಿಗೆ ಓಡಿದ. “ತಾಯಿಗೆ ಈಗಷ್ಟೇ ನೆಮ್ಮದಿ ಸಿಕ್ಕಿದೆ. ಹೇಳದೆ ಇದ್ದುಬಿಡಲೇ?”

“ಮೊದಲು ಸಿಕ್ಕವನನ್ನು ಯಶವಂತ ಅಂದೆ. ಈಗ ಇವನನ್ನು ಯಾರು ಅನ್ನುತ್ತೀಯ?”

ಗುರುಗಳು ಗಂಟನ್ನು ಎತ್ತಿ ಅವನ ಕೈಗಿಟ್ಟರು.

ಅವನು ಹೋಗಿ ನಡೆದದ್ದನ್ನೆಲ್ಲ ತಾರಾಬಾಯಿಗೆ ಹೇಳಿದ.

“ಹಂಗಾರ ನಾ ಅತ್ತದ್ದು ಯಾರಿಗೆ?” ಎಂದು ಅವರು ಕೇಳಿದರು.

“ಅದೇ ವಿಮಾನದಲ್ಲಿದ್ದ ಇನ್ನೊಬ್ಬನಿಗೆ, ತಾಯೀ,” ಎಂದ ಸುಬೋಧ.

“ಅವನ ಮನ್ಯಾಗೂ ಯಾರರ ದಾರಿ ಕಾಯ್ತಿರಬೇಕಲ್ಲೋ?”

ಅವರು ತಮ್ಮನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಿಲ್ಲೆಯನ್ನು ಸವರಿದರು. ಕಣ್ಣು ತೇವವಾಗಲಿಲ್ಲ. “ನನ್ನ ಕಣ್ಣೀರೆಲ್ಲಾ ಆ ಹುಡುಗನ ಪಾಲಾತು,” ಎಂದರು.

ಸುಬೋಧ ಮರಳಿ ಬಂದು ಗುರುಗಳ ಮುಂದೆ ಕುಸಿದು ಕೂತ.

“ಸುಳ್ಳು ಹೇಳಿದಾಗ ಅವರ ಎದೆ ಹಗುರಾಯಿತು. ನಿಜ ಹೇಳಿದೆ, ಈಗ ಅಳಲೂ ಆಗದೆ ಕೂತಿದ್ದಾರೆ. ನಾನು ಮಾಡಿದ್ದರಲ್ಲಿ ಕರುಣೆ ಯಾವುದು, ಪಾಪ ಯಾವುದು? ಗುರುಗಳೇ, ನನಗೆ ಗೊತ್ತಾಗುತ್ತಿಲ್ಲ.”

ಗುರುಗಳು ಹೇಳಿದರು: “ಆ ತಾಯಿ ಮೊದಲ ಸಲ ಕೇಳಿದಾಗ ಈ ಕೊನೆಯ ಮಾತನ್ನೇ ಹೇಳಬೇಕಿತ್ತು, ಮಗು.”