ಬೈಚಣ್ಣ ಎಂದಿನಿಂದ ನಾಯಕ?

“ಒಬ್ಬ ನಾಯಕನ ನೇಮಕದ ದಿನವನ್ನು ಅರಮನೆಯವರು ತಪ್ಪಾಗಿ ಹಿಡಿದಿದ್ದರು. ತಿದ್ದಿಕೊಡಿ ಎಂದು ಅವನು ಕೇಳಿದ. ಅವರು ತಿದ್ದಿಕೊಟ್ಟರು. ಆಮೇಲೆ ಅವನಿಗೆ ಏನಾಯಿತು? ಊಹಿಸು ನೋಡೋಣ,” ಎಂದರು ಗುರುಗಳು.

ಸಂಗಯ್ಯ ಕೇಳಿದ್ದು ಬೇರೆಯೇ ಪ್ರಶ್ನೆ. ಅವನು ಮಠಕ್ಕೆ ಬಂದು ಸೇರಿದಾಗ ಗುರುಗಳು ಸಂಚಾರದಲ್ಲಿದ್ದರು. ಸಂಚಾರ ಮುಗಿಸಿ ಬಂದವರು ಹಾಸಿಗೆ ಹಿಡಿದರು. ಹೀಗೆ ಅವನ ದೀಕ್ಷೆ ಮುಂದಕ್ಕೆ ಹೋಗುತ್ತಲೇ ಹೋಯಿತು. ಅಷ್ಟರಲ್ಲಿ ಇನ್ನೊಬ್ಬ ಶಿಷ್ಯ ಬಂದ. ಬಂದದ್ದು ತಡವಾಗಿಯಾದರೂ ಅವನಿಗೆ ಬೇರೊಂದು ಮಠದಲ್ಲಿ ಮೊದಲೇ ದೀಕ್ಷೆ ಆಗಿತ್ತು. ಮಠದಲ್ಲಿ ಹಿರಿತನ ದೀಕ್ಷೆಯ ದಿನದಿಂದ, ಹಾಗಾಗಿ ಈಗ ಊಟದ ಪಂಕ್ತಿಯಲ್ಲಿ ಅವನ ಎಲೆ ಮೇಲಕ್ಕೆ, ಸಂಗಯ್ಯನ ಎಲೆ ಕೆಳಕ್ಕೆ. ತಡ ಮಾಡಿದವನು ತಾನಲ್ಲ, ಹೀಗಿರುವಾಗ ತಾನು ಬಂದು ಸೇರಿದ ದಿನವನ್ನೇ ದೀಕ್ಷೆಯ ದಿನವೆಂದು ಎಣಿಸಿ ಎಂದು ಕೇಳುವುದು ಆಸೆಯೋ ನ್ಯಾಯವೋ ಎಂಬುದು ಅವನ ಪ್ರಶ್ನೆ. ಗುರುಗಳು ಇಂಥದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದನ್ನು ಮಠದಲ್ಲಿ ಯಾರೂ ಕಂಡಿಲ್ಲ.

ಸಂಗಯ್ಯ ಹೆಚ್ಚು ಯೋಚಿಸಲಿಲ್ಲ. “ಏನಾಗಿರುತ್ತದೆ ಗುರುಗಳೇ, ಅವನ ಮರ್ಯಾದೆ ಅವನಿಗೆ ಸಿಕ್ಕಿರುತ್ತದೆ. ಬಿಟ್ಟುಹೋಗಿದ್ದ ದಿನಗಳೆಲ್ಲ ಅವನ ಸೇವೆಗೆ ಸೇರಿರುತ್ತವೆ.”

“ಸೇರಿದವು. ಒಂದೂ ಬಿಡದೆ ಸೇರಿದವು. ಕೂತುಕೋ,” ಎಂದು ಗುರುಗಳು ಕತೆ ಶುರುಮಾಡಿದರು.

ಘಟ್ಟದ ಮೇಲೆ ಒಂದು ರಾಜ್ಯ. ಕರಾವಳಿಯಿಂದ ಹತ್ತಿ ಬರುವ ದಾರಿಗೆ ಒಂದೇ ಬಾಗಿಲು. ಆ ಬಾಗಿಲಿಗೆ ಒಂದು ಠಾಣೆ, ಠಾಣೆಗೆ ಒಬ್ಬ ನಾಯಕ. ನಾಯಕನನ್ನು ನೇಮಿಸಲು ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ತುಂಬಿದ ಸಭೆಯಲ್ಲಿ ರಾಜ ತನ್ನ ಕೈಯಾರೆ ಅವನಿಗೆ ವೀಳ್ಯ ಕೊಡಬೇಕು. ಅವನು ಅದನ್ನು ಅಲ್ಲಿಯೇ ಬಾಯಿಗೆ ಹಾಕಿಕೊಳ್ಳಬೇಕು. ಆ ಗಳಿಗೆಯಿಂದ ಅವನು ನಾಯಕ. ಅದರ ಹಿಂದಿನ ಗಳಿಗೆಯಲ್ಲಿ ಅವನು ಯಾರೂ ಅಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ನಾಯಕನ ಕೈಕೆಳಗೆ ಹೋರಾಡಿ ಸತ್ತವನಿಗೆ ಅರಮನೆ ವೀರಗಲ್ಲು ನಿಲ್ಲಿಸುತ್ತಿತ್ತು. ಅವನ ಮನೆಯವರ ಹೊಟ್ಟೆಪಾಡಿಗೆ ಒಂದು ತುಂಡು ಗದ್ದೆ ಬಿಟ್ಟುಕೊಡುತ್ತಿತ್ತು. ಆ ಗದ್ದೆಗೆ ನೆತ್ತರುಕೊಡುಗೆ ಎಂದು ಹೆಸರು. ನಾಯಕನೇ ಇಲ್ಲದ ಕಡೆ ಹೋರಾಡಿ ಸತ್ತರೆ ಮಾತ್ರ ಅದು ಯುದ್ಧವಲ್ಲ, ದಾರಿಬದಿಯ ಹೊಡೆದಾಟ. ಹೊಡೆದಾಟಕ್ಕೆ ಕಲ್ಲಿಲ್ಲ, ಗದ್ದೆಯಿಲ್ಲ. ಕೇಳಲು ವಿಚಿತ್ರ ಎನಿಸುತ್ತದೆ, ಆದರೆ ಆ ರಾಜ್ಯದಲ್ಲಿ ಯಾರಿಗೂ ವಿಚಿತ್ರ ಎನಿಸಿರಲಿಲ್ಲ. ನಮ್ಮ ನಮ್ಮ ಪದ್ಧತಿ ನಮಗೆ ಎಂದಾದರೂ ಹಾಗೆ ಎನಿಸಿದೆಯೇ?

ಒಂದು ಜ್ಯೇಷ್ಠದ ಕೊನೆಯಲ್ಲಿ ಠಾಣೆಯ ಹಳೆಯ ನಾಯಕ ಜ್ವರ ಬಂದು ತೀರಿಕೊಂಡ. ಬಾಗಿಲನ್ನು ಹಾಗೇ ಬಿಡುವಂತಿರಲಿಲ್ಲ. ರಾಜ ಬೈಚಣ್ಣ ಎಂಬ ಸೈನಿಕನಿಗೆ ಹೇಳಿಕಳಿಸಿದ. ಈಗಲೇ ಹೋಗಿ ಬಾಗಿಲಲ್ಲಿ ನಿಲ್ಲು, ವೀಳ್ಯದ ಏರ್ಪಾಡು ಆಮೇಲೆ ಆಗುತ್ತದೆ ಎಂದ. ಬೈಚಣ್ಣ ಅದೇ ದಿನ ಹೊರಟ. ಹೇಳಿದ ಕೂಡಲೇ ಹೊರಡುವವರ ವಿಷಯದಲ್ಲಿ ಆಮೇಲೆ ಆಗಬೇಕಾದ್ದು ತಡವಾಗಿಯೇ ಆಗುತ್ತದೆ. ಅವರು ಹೇಗೂ ಹೋಗಿ ಆಯಿತಲ್ಲ, ಇನ್ನು ಅವಸರ ಯಾರಿಗೆ?

ಮೊದಲು ಆಷಾಢ ಬಂತು. ಆಷಾಢದಲ್ಲಿ ವೀಳ್ಯ ಕೊಡುವುದಿಲ್ಲ. ಶ್ರಾವಣದಲ್ಲಿ ರಾಜನ ತಾಯಿ ತೀರಿಕೊಂಡರು. ವರ್ಷ ತುಂಬುವವರೆಗೆ ಅರಮನೆಯಲ್ಲಿ ಯಾವ ಶುಭಕಾರ್ಯವೂ ಇಲ್ಲ. ವರ್ಷ ತುಂಬಿದ ಮೇಲೆ ದಸರೆಗೆ ಸಭೆ ಕರೆದರು. ಸಭೆಯ ಹಿಂದಿನ ದಿನ ರಾಜನಿಗೆ ಮೈಮೇಲೆ ಅಮ್ಮ ಎದ್ದಿತು, ಸಭೆ ನಿಂತಿತು. ನಡುವೆ ಬೈಚಣ್ಣ ಎರಡು ಸಲ ಜ್ಞಾಪಿಸಿದ. ನಿನ್ನನ್ನು ಮರೆತಿಲ್ಲ ಎಂದು ಎರಡು ಸಲವೂ ಉತ್ತರ ಬಂತು. ಅದು ನಿಜವೇ. ಅವರು ಮರೆತಿರಲಿಲ್ಲ. ಮರೆತಿದ್ದರೆ ಯಾರಾದರೂ ನೆನಪಿಸಿ ಕೆಲಸ ಮಾಡಿಸಬಹುದಿತ್ತು.

ಕೊನೆಗೆ ಅದರ ಮುಂದಿನ ವಿಜಯದಶಮಿಯಂದು ಬೈಚಣ್ಣನಿಗೆ ವೀಳ್ಯ ಸಿಕ್ಕಿತು. ಅಂದಿನಿಂದ ಅವನು ನಾಯಕ ಎಂದು ಅರಮನೆಯಲ್ಲಿ ದಾಖಲಾಯಿತು.

ಈ ಎರಡು ವರ್ಷಗಳ ನಡುವೆ ಒಂದು ಘಟನೆ ನಡೆದಿತ್ತು. ಅದನ್ನೇ ಹೇಳಬೇಕು.

ಕರಾವಳಿಯಿಂದ ಉಪ್ಪು ಹೊತ್ತು ತರುವವರ ದೊಡ್ಡ ಗುಂಪೊಂದು ಘಟ್ಟ ಹತ್ತುತ್ತಿತ್ತು. ಗಂಡಸರು, ಹೆಂಗಸರು, ಬೆನ್ನಿಗೆ ಕಟ್ಟಿಕೊಂಡ ಕೂಸುಗಳು. ಅವರ ಹಿಂದೆಯೇ ದರೋಡೆಯ ದಂಡು ಬಂತು. ಉಪ್ಪಿನವರು ಹೊರೆ ಬಿಸಾಡಿ ಬಾಗಿಲಿಗೆ ಓಡಿಬಂದು ಬಡಿದರು. ಅವರು ಈ ರಾಜ್ಯದ ಪ್ರಜೆಗಳಲ್ಲ. ಬಾಗಿಲ ಹಿಂದೆ ಅರಮನೆಯ ಮೆಣಸಿನ ಉಗ್ರಾಣವಿತ್ತು. ದಂಡು ಕಣ್ಣಿಗೆ ಬಿದ್ದ ಮೇಲೆ ಬಾಗಿಲು ತೆರೆಯಕೂಡದು ಎಂಬ ಕಟ್ಟಳೆ ಇತ್ತು. ಬೈಚಣ್ಣ ಬಾಗಿಲು ತೆರೆಸಿದ.

ಉಪ್ಪಿನವರೆಲ್ಲ ಒಳಗೆ ಬರುವ ತನಕ ಅವನ ಎಂಟು ಜನ ಬಾಗಿಲಲ್ಲಿ ನಿಂತು ದಂಡನ್ನು ತಡೆದರು. ಎಂಟೂ ಜನ ಅಲ್ಲಿಯೇ ಸತ್ತರು. ಉಪ್ಪಿನವರಲ್ಲಿ ಒಂದು ಕೂಸೂ ಸಾಯಲಿಲ್ಲ. ಆಮೇಲೆ ದಂಡು ಒಳನುಗ್ಗಿ, ಬಾಗಿಲಿಗೆ ಬೆಂಕಿಯಿಟ್ಟು, ಮೆಣಸು ಹೊತ್ತುಕೊಂಡು ಹೋಯಿತು.

ಅರಮನೆ ಇದನ್ನು ವಿಚಾರಿಸಿತು. ಬಾಗಿಲು ಹೋಯಿತು, ಸರಿ. ಕಳೆದವರು ಯಾರು? ನಾಯಕ. ನಾಯಕ ಯಾರು? ಯಾರೂ ಇಲ್ಲ, ವೀಳ್ಯ ಇನ್ನೂ ಆಗಿಲ್ಲ. ಹಾಗಾದರೆ ಕಳೆದವರೂ ಇಲ್ಲ. ವಿಚಾರಣೆ ಅಲ್ಲಿಗೆ ಮುಗಿಯಿತು. ಬಾಗಿಲು ತಾನೇ ತೆರೆದುಕೊಂಡಿತು ಎಂಬಂತೆ ಎಲ್ಲರೂ ಎದ್ದುಹೋದರು. ಆ ಎಂಟು ಮಂದಿಯದ್ದು ದಾರಿಬದಿಯ ಹೊಡೆದಾಟವಾಯಿತು.

ವೀಳ್ಯ ತೆಗೆದುಕೊಂಡು ಠಾಣೆಗೆ ಮರಳಿದ ಬೈಚಣ್ಣನನ್ನು ನೋಡಲು ಮಾಳವ್ವ ಎಂಬ ಹೆಂಗಸು ಬಂದಳು. ಸತ್ತ ಎಂಟು ಜನರಲ್ಲಿ ಒಬ್ಬನ ಹೆಂಡತಿ. ಅವನ ಬಾಯಿ ಇನ್ನೂ ಕೆಂಪಗಿದೆಯೇ ಎಂದು ನೋಡಲು ಬಂದೆ ಎಂದಳಂತೆ. ಠಾಣೆಯವರು ನಕ್ಕರು. ಅವಳು ನಗಲಿಲ್ಲ.

“ಅಣ್ಣಾ, ನೀನು ಮೊನ್ನೆ ದಸರೆಯಿಂದ ನಾಯಕನಂತೆ. ಹಾಗಾದರೆ ನನ್ನ ಗಂಡ ಯಾರ ಮಾತು ಕೇಳಿ ಬಾಗಿಲಲ್ಲಿ ನಿಂತ?”

ಅಲ್ಲಿಯವರೆಗೆ ಬೈಚಣ್ಣ ತನ್ನ ದಿನದ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. ತಡವಾಯಿತು, ಆಗಲಿ, ಬಂತಲ್ಲ ಎಂದುಕೊಂಡಿದ್ದ. ಈಗ ನೋಡಿದರೆ ತಪ್ಪು ದಿನದ ಭಾರವೆಲ್ಲ ಎಂಟು ಮನೆಗಳ ಮೇಲೆ ಬಿದ್ದಿತ್ತು. ತಾನು ಜ್ಯೇಷ್ಠದಿಂದಲೇ ನಾಯಕ ಎಂದಾದರೆ ಆ ಎಂಟು ಮಂದಿ ರಾಜನ ಯೋಧರು. ಅವರಿಗೆ ಕಲ್ಲು ಏಳುತ್ತದೆ, ಅವರ ಮನೆಯಲ್ಲಿ ಒಲೆ ಉರಿಯುತ್ತದೆ. ಠಾಣೆ ಬಿಟ್ಟು ಹೊರಡಲು ಅನುವಾದದ್ದು ಮುಂದಿನ ಆಷಾಢದಲ್ಲಿ. ಆಗ ಅವನು ತಿದ್ದುಪಡಿ ಕೇಳಲು ಅರಮನೆಗೆ ಹೋದ.

ಅರಮನೆಯ ಬರವಣಿಗೆಯೆಲ್ಲ ಕೋನೇರಯ್ಯ ಎಂಬ ಹಿರಿಯರ ಕೈಯಲ್ಲಿತ್ತು. ಒಳ್ಳೆಯ ಮನುಷ್ಯ. ತಡಗಳೆಲ್ಲ ಅವರ ಕೈ ದಾಟಿಯೇ ಬಂದಿದ್ದವು, ಆದರೆ ಒಂದನ್ನೂ ಅವರು ಬೇಕೆಂದು ಮಾಡಿರಲಿಲ್ಲ. ಬೈಚಣ್ಣನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಬಂದ ಕಾರಣ ಕೇಳಿದರು.

“ನಾಯಕರೇ, ವಿಜಯದಶಮಿ ಒಳ್ಳೆಯ ದಿನ. ಅದನ್ನೇ ಇಟ್ಟುಕೊಳ್ಳಿ.”

“ಅದು ನನ್ನ ದಿನವಲ್ಲ ಸ್ವಾಮಿ.”

“ನಿಮ್ಮದಲ್ಲದ್ದರಿಂದಲೇ ಒಳ್ಳೆಯ ದಿನ.”

ಆಮೇಲೆ ಅವರು ದನಿ ತಗ್ಗಿಸಿ ಬಿಡಿಸಿ ಹೇಳಿದರು. ಈಗ ಆ ಬಾಗಿಲನ್ನು ಯಾರೂ ತೆರೆದಿಲ್ಲ. ನಿಮ್ಮ ದಿನ ಹಿಂದಕ್ಕೆ ಹೋದರೆ ಅದನ್ನು ನೀವು ತೆರೆದಿರಿ ಎಂದಾಗುತ್ತದೆ. ಬಾಗಿಲು ಬಿಟ್ಟುಕೊಟ್ಟ ನಾಯಕನಿಗೆ ಏನು ಶಿಕ್ಷೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬೈಚಣ್ಣನಿಗೆ ಗೊತ್ತಿತ್ತು. ಮರಣ. ಅವನು ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟ. ಒಂದು ಕಡೆ ಎಂಟು ಮನೆಗಳು, ಇನ್ನೊಂದು ಕಡೆ ತನ್ನ ಕುತ್ತಿಗೆ. ಸಾಕಷ್ಟು ಯೋಚಿಸಿದ. ವ್ಯಾಪಾರದಲ್ಲಿ ಮೋಸವಿಲ್ಲ ಎನಿಸಿತು. ಹಾಗೇ ರಾಜರ ಮುಂದಿಡಿ ಎಂದು ಹೇಳಿದ. ಕೋನೇರಯ್ಯನವರು ಇನ್ನೊಂದು ಲೋಟ ಮಜ್ಜಿಗೆ ತರಿಸಲು ಹೋದರು. ಇನ್ನೂ ಕೂತಿದ್ದರೆ ಮನಸ್ಸು ಬದಲಾಗಬಹುದು ಎಂಬ ಆಸೆ ಅವರದು. ಅವರು ಬರುವಷ್ಟರಲ್ಲಿ ಬೈಚಣ್ಣ ಸಭೆಯ ಬಾಗಿಲಲ್ಲಿ ನಿಂತಿದ್ದ.

ವೀಳ್ಯಕ್ಕೆ ಎರಡು ವರ್ಷ ಹಿಡಿದ ಅರಮನೆ ಈ ತಿದ್ದುಪಡಿಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿತು.

ನಾನು ಹೇಳಿಕಳಿಸಿದ ದಿನವೇ ನೀನು ಹೋಗಿ ನಿಂತದ್ದು ನಿಜವೇ ಎಂದು ರಾಜ ಕೇಳಿದ. ಬೈಚಣ್ಣ ನಿಜವೆಂದ. ಹಾಗಾದರೆ ನನ್ನ ಮಾತೇ ವೀಳ್ಯ, ಇವನು ಅಂದಿನಿಂದ ನಾಯಕ ಎಂದು ರಾಜ ದೊಡ್ಡ ಮನಸ್ಸಿನಿಂದ ಹೇಳಿದ. ಸಭೆಯೆಲ್ಲ ತಲೆದೂಗಿತು. ಇಂಥ ರಾಜ ಎಲ್ಲಿ ಸಿಗುತ್ತಾನೆ ಎಂದು ಮೆಲ್ಲಗೆ ಮಾತಾಡಿಕೊಂಡರು. ಸಂಗಯ್ಯ, ನೀನು ಊಹಿಸಿದ್ದು ಇಲ್ಲಿಯವರೆಗೆ ಸರಿ.

ಸಭೆ ತಲೆದೂಗಿ ಮುಗಿಸುವ ಮುಂಚೆ ಮಂತ್ರಿ ಕುಳಿತಲ್ಲಿಂದಲೇ ಒಂದು ಮಾತು ಕೇಳಿದ. ಬಾಗಿಲು ಹೋದ ದಿನ ಹಾಗಾದರೆ ನಾಯಕ ಯಾರು? ಕೋನೇರಯ್ಯ ನೆಲ ನೋಡಿದರು. ಬೈಚಣ್ಣ ಕಾಯಿಸಲಿಲ್ಲ. ನಾನೇ, ಬಾಗಿಲು ತೆರೆಸಿದ್ದು ನನ್ನ ಮಾತು, ಶಿಕ್ಷೆ ನನಗೆ ಸಲ್ಲಲಿ, ಕೊಡುಗೆ ಆ ಎಂಟು ಮನೆಗಳಿಗೆ ಸಲ್ಲಲಿ ಎಂದು ಕೇಳಿಕೊಂಡ.

ರಾಜ ಮಂತ್ರಿಯ ಕಡೆ ನೋಡಿದ.

“ಬಾಗಿಲು ಉಳಿಸಿ ಸತ್ತವರಿಗೆ ಕಲ್ಲು. ಬಾಗಿಲನ್ನೇ ಬಿಟ್ಟುಕೊಟ್ಟ ಕಡೆ ಕಲ್ಲು ಯಾತಕ್ಕೆ?” ಎಂದ ಮಂತ್ರಿ.

ಇದಕ್ಕೂ ಸಭೆ ತಲೆದೂಗಿತು.

ಅದು ಆಷಾಢ ಮಾಸ. ಶಿಕ್ಷೆಗೆ ಯಾರೂ ಪಂಚಾಂಗ ನೋಡಲಿಲ್ಲ. ಹೊಸದಾಗಿ ಕಟ್ಟಿಸಿದ್ದ ಅದೇ ಬಾಗಿಲಿನ ಮುಂದೆ ಬೈಚಣ್ಣನ ತಲೆ ತೆಗೆದರು. ಆಜ್ಞೆಯಲ್ಲಿ ಅವನ ಹೆಸರಿನ ಜೊತೆ ನಾಯಕ ಎಂದಿತ್ತು, ಎಂದಿನಿಂದ ನಾಯಕ ಎಂಬುದೂ ಸರಿಯಾಗಿತ್ತು. ಕೋನೇರಯ್ಯನವರದು ಮೊದಲಿನಿಂದಲೂ ತಪ್ಪಿಲ್ಲದ ಬರವಣಿಗೆ.

ಎಂಟು ಮನೆಗಳಿಗೆ ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಮೊದಲು ಅವರ ಗಂಡಸರು ಹೊಡೆದಾಟದಲ್ಲಿ ಸತ್ತ ಯಾರೋ ಆಗಿದ್ದರು, ಈಗ ಬಾಗಿಲು ಬಿಟ್ಟ ನಾಯಕನ ಕಡೆಯವರು ಎಂದಾದರು. ಬಾವಿಯಲ್ಲಿ ನೀರು ಸೇದುವಾಗ ಉಳಿದ ಹೆಂಗಸರು ಹಗ್ಗ ಕೊಡಲು ತಡಮಾಡತೊಡಗಿದರು. ಹೋದ ಮೆಣಸಿನ ಜಾಗವನ್ನು ಇದಕ್ಕೆಲ್ಲ ಮುಂಚೆಯೇ ಎರಡು ಫಸಲು ಬಂದು ತುಂಬಿದ್ದವು. ಮಾಳವ್ವ ಊರು ಬಿಟ್ಟಳು. ಉಪ್ಪಿನವರ ಜೊತೆ ಘಟ್ಟ ಇಳಿದಳು ಎನ್ನುತ್ತಾರೆ. ಅವರು ಅವಳಿಗೆ ಒಂದು ಗುಡಿಸಲು ಹಾಕಿಕೊಟ್ಟರು ಎಂದೂ ಎನ್ನುತ್ತಾರೆ. ಅದನ್ನು ಕತೆ ಹೇಳುವವರು ಕೇಳುವವರ ಸಮಾಧಾನಕ್ಕೆ ಸೇರಿಸಿದ್ದರೂ ಇರಬಹುದು.

ಗುರುಗಳು ಇಷ್ಟು ಹೇಳಿ ಶಲ್ಯ ಸರಿಮಾಡಿಕೊಂಡರು. ಸಂಗಯ್ಯನ ಮುಖ ಕಪ್ಪಿಟ್ಟಿತ್ತು. ಇದೆಂಥ ನ್ಯಾಯ ಎಂದು ಕೇಳಬೇಕೆಂದು ಬಾಯಿ ತೆರೆದವನು ಅದನ್ನು ಬಿಟ್ಟು ಬೇರೆಯದನ್ನು ಕೇಳಿದ.

“ಗುರುಗಳೇ, ಅರಮನೆ ಮೊದಲು ಬರೆದ ದಿನವೂ ಆ ಎಂಟು ಮನೆಗಳನ್ನು ಉಳಿಸಲಿಲ್ಲ, ತಿದ್ದಿ ಬರೆದ ದಿನವೂ ಉಳಿಸಲಿಲ್ಲ. ಎರಡರಲ್ಲಿ ಬೈಚಣ್ಣ ನಿಜವಾಗಿ ನಾಯಕನಾದ ದಿನ ಯಾವುದು?”

“ಎರಡೂ ಅಲ್ಲ, ಅವನು ಆ ಬಾಗಿಲು ತೆರೆಸಿದ್ದು ಮಾಘ ಬಹುಳ ಚೌತಿ, ಶನಿವಾರ.”