ಚಿತ್ತಕ್ಕ ಕಿತ್ತ ಕೊರಲೆ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ನಮ್ಮಜ್ಜಿಯ ಅಜ್ಜಿಗೂ ಅದು ಹಳೇ ಕಥೆಯೇ, ಕಲ್ಲುಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಚಿತ್ತಕ್ಕ ಅಂತ ಒಬ್ಬಳಿದ್ದಳಂತೆ. ಕಳೆ ಕೀಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಹೊಲಕ್ಕಿಳಿದರೆ ಹುಲ್ಲು ತಾನಾಗಿಯೇ ಬೇರು ಸಡಿಲ ಮಾಡಿಕೊಳ್ಳುತ್ತಿತ್ತು ಅಂತಾರೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಅವಳು ಕಳೆ ಕಿತ್ತ ರಾಗಿ ಸಾಲು ಬಾಚಿದ ತಲೆಯ ಹಾಗಿರುತ್ತಿದ್ದದ್ದು ಮಾತ್ರ ನಿಜ.

ಆಗ ರಾಗಿ ನಡುವೆ ಕೊರಲೆ ತಾನಾಗೇ ಹುಟ್ಟುತ್ತಿತ್ತು. ಸಣ್ಣ ಕಾಳು, ಬಡವರ ಅನ್ನ. ರಾಗಿ ಚೆನ್ನಾಗಿ ಬರತೊಡಗಿದ ಮೇಲೆ ಊರವರಿಗೆ ಅದರ ಮೇಲೆ ತಾತ್ಸಾರ ಬಂತು. ಕೊರಲೆ ಕಂಡ ಹೊಲ ನೋಡಿ ಸೋಮಾರಿಯ ಹೊಲ ಅಂತ ನಗುತ್ತಿದ್ದರು. ಚಿತ್ತಕ್ಕನನ್ನೇ ಕರೆದು ಕೀಳಿಸಿದರು. ಅವಳೂ ಒಂದು ಗರಿ ಬಿಡದೆ ಕಿತ್ತಳು. ಮೂರು ವರ್ಷಕ್ಕೆ ಊರಲ್ಲಿ ಕೊರಲೆ ಅನ್ನೋದೇ ಇಲ್ಲವಾಯಿತಂತೆ.

ನಾಲ್ಕನೇ ವರ್ಷ ಅವಳ ಒಬ್ಬಳೇ ಮಗಳು ಹೊನ್ನಿ ಹೆರಿಗೆಗೆ ಬಂದಳು. ಹೆತ್ತ ಮೇಲೆ ಹೊಟ್ಟೆ ಕೆಟ್ಟಿತು. ರಾಗಿ ಅಂಬಲಿ ಕೊಟ್ಟರೂ ಕಕ್ಕಿದಳು, ಅಕ್ಕಿ ಗಂಜಿ ಕೊಟ್ಟರೂ ಕಕ್ಕಿದಳು. ಸೂಲಗಿತ್ತಿ ಬಂದು ನೋಡಿ, "ಕೊರಲೆ ಗಂಜಿ ಕಾಸವ್ವ, ಇವಳಿಗೆ ಅದೊಂದೇ ದಕ್ಕೋದು" ಅಂದಳಂತೆ. ಚಿತ್ತಕ್ಕ ತನ್ನ ಎರಡೂ ಕೈ ನೋಡಿಕೊಂಡು ಅತ್ತಳಂತೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ತಾಯಿ, ಉಪವಾಸ ಬಿದ್ದವಳು ಮಗಳು.

ಮನೆಮನೆಯ ಕಾಳಿನ ಗುಡಾಣ ತಡಕಿದಳು, ಸಿಗಲಿಲ್ಲ. ಹೊಲಹೊಲ ತಿರುಗಿದಳು, ಅವಳದೇ ಕೈ ಆಡಿದ ಹೊಲ, ಒಂದು ಗರಿಯೂ ಇಲ್ಲ. ಸೋತು ಬದುವಿನ ಮೇಲೆ ಕುಸಿದು ಕೂತಳಂತೆ. ಹಿಂದಿನ ದಿನ ಮಳೆ ಬಂದಿತ್ತು. ನೆಂದ ಗೂಡಿನಿಂದ ಇರುವೆಗಳು ಎಂದೋ ಕೂಡಿಟ್ಟಿದ್ದ ಕಾಳು ಹೊತ್ತು ತಂದು ಬಿಸಿಲಿಗೆ ಹರವಿದ್ದವು. ಬಗ್ಗಿ ನೋಡಿದರೆ, ಕೊರಲೆ!

ಅರ್ಧ ಬಿಟ್ಟು ಅರ್ಧ ಬಾಚಿಕೊಂಡಳಂತೆ. ಬಾಚಿದಷ್ಟೇ ರಾಗಿ ಮನೆಯಿಂದ ತಂದು ಗೂಡಿನ ಬಾಯಿಗೆ ಸುರಿದಳಂತೆ. ಹಾಗೆ ಏಳು ಗೂಡು ಹುಡುಕಿದಳು ಅಂತಾರೆ. ಸಿಕ್ಕಿದ್ದರಲ್ಲಿ ಒಂದು ಹಿಡಿ ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡು, ಉಳಿದದ್ದನ್ನು ಗಂಜಿ ಕಾಸಿದಳು. ಹೊನ್ನಿ ಕುಡಿದಳು. ಕಕ್ಕಲಿಲ್ಲ. ಮೂರನೇ ದಿನ ಎದ್ದು ಕೂತು ಮಗುವಿಗೆ ಹಾಲೂಡಿಸಿದಳಂತೆ.

ಸೆರಗಿನ ಹಿಡಿಯನ್ನು ಚಿತ್ತಕ್ಕ ಬದುವಿನ ಪಕ್ಕದ ಸಾಲಿಗೆ ಚೆಲ್ಲಿದಳು. ಸಾಯುವ ತನಕ ಆ ಸಾಲಿನ ಒಂದು ಹುಲ್ಲನ್ನೂ ಮುಟ್ಟಲಿಲ್ಲ. ಕಂಡವರು ನಗುತ್ತಿದ್ದರು, ನಗಲಿ ಅಂದಳಂತೆ.

ಈಗಲೂ ಆ ಸೀಮೆಯ ಹೆಂಗಸರು ಕಳೆಗೆ ಇಳಿಯುವ ಮುಂಚೆ ಇರುವೆ ಗೂಡಿಗೆ ಒಂದು ಹಿಡಿ ರಾಗಿ ಹಾಕುತ್ತಾರೆ. ಬದುವಿನ ಪಕ್ಕದ ಸಾಲಿಗೆ ಕೈ ಹಾಕುವುದಿಲ್ಲ. ಹೊಸ ಸೊಸೆ ಗೊತ್ತಿಲ್ಲದೆ ಬಗ್ಗಿದರೆ ಅತ್ತೆ ಗದರುತ್ತಾಳೆ: "ಬಿಡೇ ಅದನ್ನ! ನಾಳೆ ನಿಂಗೂ ಒಬ್ಳು ಮಗಳು ಹುಟ್ಟಲ್ವೇನೇ?"